ಎರಡು ಬೋರ್ಡು, ಒಂದೇ ಹಾರ್ಡ್‌ವೇರ್ ವಿಳಾಸ: ವಿಜಯಪುರದ ಕೋಲ್ಡ್ ಸ್ಟೋರೇಜ್ ಒಂದರ ದುರಸ್ತಿ ದಾಖಲೆ

ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಒಂದಿದ್ದು, ಅದರಲ್ಲಿ ಎಂಟು ಕೋಣೆಗಳಿವೆ. ಪ್ರತಿ ಕೋಣೆಯ ಬಾಗಿಲ ಮೇಲ್ಗಡೆ ತಾಪಮಾನ ಓದುವ ಒಂದು ಸಣ್ಣ ಬೋರ್ಡನ್ನು ಕೂರಿಸಲಾಗಿದೆ. ಅದರಲ್ಲಿ ಆರ್ಡುವಿನೋ ನ್ಯಾನೋ ಎಂಬ ಒಂದು ಪುಟ್ಟ ಕಂಟ್ರೋಲರ್, ಒಂದು ಡಬ್ಲ್ಯು5500 ಈಥರ್ನೆಟ್ ಚಿಪ್ ಮತ್ತು ಕೋಣೆಯೊಳಕ್ಕೆ ಇಳಿಬಿಟ್ಟ ಡಿಎಸ್18ಬಿ20 ಸೆನ್ಸರ್ ಇವೆ. ಕಚೇರಿಯಲ್ಲಿರುವ ಲಿನಕ್ಸ್ ಡೆಸ್ಕ್‌ಟಾಪ್ ನಿಮಿಷಕ್ಕೊಮ್ಮೆ ಕೋಣೆಯ ಕ್ರಮದಲ್ಲಿ 192.168.1.21 ರಿಂದ 28 ರವರೆಗಿನ ಐಪಿ (ನೆಟ್‌ವರ್ಕ್ ವಿಳಾಸ) ಇರುವ ಬೋರ್ಡುಗಳನ್ನು ಸರದಿಯಂತೆ ಕೇಳಿ, ಮೂರು ಸೆಕೆಂಡಿನೊಳಗೆ ಉತ್ತರ ಬಂದರೆ ಅಂಕಿಯನ್ನೂ ಬಾರದಿದ್ದರೆ ಒಂದು ಗೆರೆಯನ್ನೂ ಬರೆದಿಡುತ್ತದೆ. ಆ ಗೆರೆಗಳೇ ಈ ದುರಸ್ತಿಗೆ ಕಾರಣವಾದವು. ಮೂರನೆಯ ಕೋಣೆಯಲ್ಲಿ ಒಮ್ಮೆ, ಆರನೆಯ ಕೋಣೆಯಲ್ಲಿ ಒಮ್ಮೆ ಗೆರೆ ಬರುತ್ತಿತ್ತು; ನಡುವೆ ಎರಡೂ ಸರಿಯಾಗಿರುತ್ತಿದ್ದವು; ಉಳಿದ ಆರು ಕೋಣೆಗಳಲ್ಲಿ ಎಂದೂ ತೊಂದರೆ ಇರಲಿಲ್ಲ. ಕೇಬಲ್ ಬದಲಿಸಿ, ಎಲ್ಲ ಕೇಬಲ್‌ಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್ ಬದಲಿಸಿ ನೋಡಿಯಾಗಿತ್ತು. ಅಲ್ಲಿನ ಮೇಲ್ವಿಚಾರಕರು ವಿವರಿಸಿದ್ದು ಹೀಗೆ: "ಸರ, ಪಿಂಗ್ ಕೊಟ್ಟು ಕುಂತ್ರ ಬರತೈತ್ರಿ, ಎದ್ದು ಹೋದ್ರ ಹೋಗತೈತ್ರಿ." (ಪಿಂಗ್ ಎಂದರೆ ಯಂತ್ರ ಉತ್ತರಿಸುತ್ತದೆಯೇ ಎಂದು ಪದೇಪದೇ ಕೇಳುವ ಆಜ್ಞೆ.) ಅವರ ಮಾತು ಅಕ್ಷರಶಃ ನಿಜವಾಗಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ಹಂಗಾಮಿನ ಮಾಲು ಕೋಣೆಗಳಲ್ಲಿ ತುಂಬಿದ್ದುದರಿಂದ ಅಂಕಿ ಬರೆದುಕೊಳ್ಳುವ ಡೆಸ್ಕ್‌ಟಾಪಿಗೆ ಕೈ ಹಚ್ಚಬಾರದು ಎಂಬುದು ಮಾಲೀಕರ ಷರತ್ತು. ಹೊರಗೆ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒಳಗೆ 4 ಡಿಗ್ರಿಯ ಆಸುಪಾಸು ಕಾಯಬೇಕಾದವರು ಹಾಗೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದ್ದರಿಂದ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ರಾಸ್ಪ್‌ಬೆರಿ ಪೈ ಎಂಬ ಒಂದು ಸಣ್ಣ ಕಂಪ್ಯೂಟರ್ ಜೋಡಿಸಿ, ತಂತಿಯ ಮೇಲೆ ಹಾದುಹೋಗುವ ಫ್ರೇಮುಗಳನ್ನು (ದತ್ತಾಂಶದ ತುಣುಕುಗಳನ್ನು) ನೇರವಾಗಿ ಓದುವ ಒಂದು ಪೈಥಾನ್ ಕಾರ್ಯಕ್ರಮ ಬರೆಯುವುದೆಂದು ತೀರ್ಮಾನವಾಯಿತು. ಇದೇ ಕೆಲಸಕ್ಕೆ ಟಿಸಿಪಿಡಂಪ್ ಎಂಬ ಸಿದ್ಧ ಕಾರ್ಯಕ್ರಮ ಇರುವಾಗ ಹೊಸದಾಗಿ ಬರೆಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಂದು ಗಂಟೆಯ ಮಟ್ಟಿಗೆ ನೋಡುವುದಾದರೆ ಟಿಸಿಪಿಡಂಪ್ ಸಾಕಾಗುತ್ತಿತ್ತು. ಬೇಕಾಗಿದ್ದದ್ದು ಹಂಗಾಮು ಮುಗಿಯುವವರೆಗೆ ಕಾವಲು ಕೂತು, ಯಾವ ಐಪಿ ಯಾವ ಹಾರ್ಡ್‌ವೇರ್ ವಿಳಾಸದಿಂದ (ನೆಟ್‌ವರ್ಕ್ ಚಿಪ್ಪಿನ ಆರು ಬೈಟಿನ ಗುರುತಿನಿಂದ) ಬಂತು ಮತ್ತು ಯಾವ ಹಾರ್ಡ್‌ವೇರ್ ವಿಳಾಸ ಯಾವ ಐಪಿಗಳನ್ನು ತನ್ನದೆಂದಿತು ಎಂಬ ಎರಡೂ ದಿಕ್ಕಿನ ಲೆಕ್ಕವನ್ನು ಬರೆದಿಡುವ ಒಂದು ಖಾತೆಪುಸ್ತಕ.

ಲಿನಕ್ಸಿನಲ್ಲಿ ಕಚ್ಚಾ ಫ್ರೇಮುಗಳನ್ನು ಪಡೆಯಲು ಎಎಫ್ ಪ್ಯಾಕೆಟ್ ಎಂಬ ಕುಲದ, ಸಾಕ್ ರಾ ಎಂಬ ಬಗೆಯ ಸಾಕೆಟ್ (ಕಾರ್ಯಕ್ರಮಕ್ಕೂ ನೆಟ್‌ವರ್ಕಿಗೂ ನಡುವಿನ ಕೊಂಡಿ) ತೆರೆಯಬೇಕು. ಮೂರನೆಯ ಆರ್ಗ್ಯುಮೆಂಟಾಗಿ ಪ್ರೋಟೋಕಾಲ್ ಸಂಖ್ಯೆಯನ್ನು ನೆಟ್‌ವರ್ಕ್ ಬೈಟ್ ಕ್ರಮಕ್ಕೆ (ಮೇಲ್‌ಸ್ಥಾನದ ಬೈಟು ಮೊದಲು) ತಿರುಗಿಸಿ ಕೊಡಬೇಕು. 3 ಎಂದು ಕೊಟ್ಟರೆ ಎಲ್ಲ ಬಗೆಯ ಫ್ರೇಮುಗಳೂ ಬರುತ್ತವೆ, ಹೆಕ್ಸ್ (ಹದಿನಾರರ ಎಣಿಕೆಯ) 0806 ಎಂದು ಕೊಟ್ಟರೆ, ಒಂದು ಐಪಿಯ ಹಾರ್ಡ್‌ವೇರ್ ವಿಳಾಸ ಯಾವುದೆಂದು ಕೇಳಿ ತಿಳಿಯುವ ಎಆರ್‌ಪಿ ಮಾತ್ರ ಬರುತ್ತದೆ. ನಮಗೆ ಬೇಕಾದದ್ದು ಎಆರ್‌ಪಿಯೇ ಆದರೂ 3 ಅನ್ನೇ ಆರಿಸಿಕೊಳ್ಳಲು ಕಾರಣವಿದೆ: ಒಂದೇ ಪ್ರೋಟೋಕಾಲಿಗೆ ಕಟ್ಟಿದ ಸಾಕೆಟ್ಟಿಗೆ ಒಳಬರುವ ಫ್ರೇಮುಗಳಷ್ಟೇ ಸಿಗುತ್ತವೆ, ಪೈ ತಾನೇ ಹೊರಗೆ ಕಳಿಸಿದವು ಕಾಣುವುದಿಲ್ಲ. ಪ್ರಶ್ನೆ ನಿಜವಾಗಿಯೂ ಹೊರಟಿತೇ ಇಲ್ಲವೇ ಎಂಬುದನ್ನು ಖಾತೆಯಲ್ಲಿ ನೋಡಬೇಕಾದರೆ ಎಲ್ಲವನ್ನೂ ಕೇಳುವ ಸಾಕೆಟ್ಟೇ ಬೇಕು. ಅನಂತರ ಅದನ್ನು ತಂತಿಯ ಇಂಟರ್‌ಫೇಸಾದ ಇಟಿಎಚ್0ಗೆ ಬೈಂಡ್ ಮಾಡಬೇಕು. ಇಲ್ಲವಾದರೆ ವೈಫೈ, ಲೂಪ್‌ಬ್ಯಾಕ್ ಎಲ್ಲದರ ಫ್ರೇಮುಗಳೂ ಒಂದೇ ಕಡೆ ಬಂದು ಸುರಿಯುತ್ತವೆ. ವಿಂಡೋಸಿನಲ್ಲಿ ಈ ಕುಲದ ಸಾಕೆಟ್ ಇಲ್ಲ. ಅಲ್ಲಿ ಎನ್‌ಪಿಕ್ಯಾಪ್ ಡ್ರೈವರ್ ಹಾಕಿಕೊಂಡೇ ಈ ಕೆಲಸ ಮಾಡಬೇಕಾಗುತ್ತದೆ.

ಇಂಥ ಸಾಕೆಟ್ ತೆರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿ ಇರುವುದಿಲ್ಲ. ಕ್ಯಾಪ್ ನೆಟ್ ರಾ ಎಂಬ ಅಧಿಕಾರವನ್ನು ಪೈಥಾನ್ ಇಂಟರ್‌ಪ್ರಿಟರಿಗೇ ಸೆಟ್‌ಕ್ಯಾಪ್ ಮೂಲಕ ಕೊಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ದಾರಿಯಲ್ಲ, ಏಕೆಂದರೆ ಆ ಯಂತ್ರದ ಮೇಲೆ ನಡೆಯುವ ಪ್ರತಿಯೊಂದು ಪೈಥಾನ್ ಕಾರ್ಯಕ್ರಮಕ್ಕೂ ಅದೇ ಅಧಿಕಾರ ಸಿಕ್ಕಿಬಿಡುತ್ತದೆ. ಲಿನಕ್ಸಿನಲ್ಲಿ ಹಿನ್ನೆಲೆ ಕಾರ್ಯಕ್ರಮಗಳನ್ನು ನಡೆಸುವ ಸಿಸ್ಟಮ್‌ಡಿಯ ಸೇವಾ ಕಡತದಲ್ಲಿ ಆಂಬಿಯಂಟ್ ಕೇಪಬಿಲಿಟೀಸ್ ಎಂಬ ಸಾಲಿನಲ್ಲಿ ಆ ಒಂದೇ ಅಧಿಕಾರವನ್ನು ಬರೆದು, ಕಾರ್ಯಕ್ರಮವನ್ನು ಬೇರೆ ಬಳಕೆದಾರನ ಹೆಸರಿನಲ್ಲಿ ನಡೆಸುವುದು ಲೇಸು. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ನೆಟ್‌ವರ್ಕಿನ ಒಡೆಯರ ಅಥವಾ ಅದನ್ನು ನೋಡಿಕೊಳ್ಳುವವರ ಅನುಮತಿಯಿಲ್ಲದೆ ಅದರೊಳಗೆ ಪ್ರವೇಶಿಸಿ ದತ್ತಾಂಶ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಪೈಯನ್ನು ಜೋಡಿಸಲಾಯಿತು, ಮತ್ತು ಕಾರ್ಯಕ್ರಮವು ಪ್ರತಿ ಫ್ರೇಮಿನ ಮೊದಲ 42 ಬೈಟುಗಳ ಆಚೆಗೆ ಏನನ್ನೂ ಉಳಿಸಿಕೊಳ್ಳದಂತೆ ಬರೆಯಲಾಯಿತು.

42 ಎಂಬ ಸಂಖ್ಯೆ ಬಂದದ್ದು ಹೀಗೆ. ಈಥರ್ನೆಟ್ ಫ್ರೇಮಿನ ತಲೆಭಾಗ 14 ಬೈಟು: ತಲುಪಬೇಕಾದವರ ಹಾರ್ಡ್‌ವೇರ್ ವಿಳಾಸ 6, ಕಳಿಸಿದವರದು 6, ಒಳಗಿರುವುದು ಏನೆಂದು ಹೇಳುವ ಸಂಖ್ಯೆ 2. ಆ ಸಂಖ್ಯೆ ಹೆಕ್ಸ್ 0800 ಆಗಿದ್ದರೆ ಐಪಿ ನಾಲ್ಕನೆಯ ಆವೃತ್ತಿ, 86ಡಿಡಿ ಆಗಿದ್ದರೆ ಆರನೆಯ ಆವೃತ್ತಿ, 0806 ಆಗಿದ್ದರೆ ಎಆರ್‌ಪಿ. 1982ರ ನವೆಂಬರಿನಲ್ಲಿ ಡೇವಿಡ್ ಪ್ಲಮರ್ ಅವರು ಆರ್‌ಎಫ್‌ಸಿ 826 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ವಿವರಿಸಿದ ಎಆರ್‌ಪಿ, ಈಥರ್ನೆಟ್ ಮತ್ತು ಐಪಿಯ ಜೋಡಿಗೆ ಸರಿಯಾಗಿ 28 ಬೈಟು ತೆಗೆದುಕೊಳ್ಳುತ್ತದೆ. ಅದರಲ್ಲಿ ಮೊದಲ 8 ಬೈಟುಗಳಲ್ಲಿ ವಿಳಾಸಗಳ ಬಗೆ, ಉದ್ದ ಮತ್ತು ಇದು ಪ್ರಶ್ನೆಯೋ ಉತ್ತರವೋ ಎಂಬುದು ಇರುತ್ತದೆ (1 ಎಂದರೆ ಪ್ರಶ್ನೆ, 2 ಎಂದರೆ ಉತ್ತರ). ಆಮೇಲೆ ಕಳಿಸಿದವರ ಹಾರ್ಡ್‌ವೇರ್ ವಿಳಾಸ, ಅವರ ಐಪಿ, ಎದುರಿನವರ ಹಾರ್ಡ್‌ವೇರ್ ವಿಳಾಸ, ಅವರ ಐಪಿ. ಪೈಥಾನಿನ ಸ್ಟ್ರಕ್ಟ್ ಮಾಡ್ಯೂಲಿನಿಂದ ಇದನ್ನು ಬಿಡಿಸುವಾಗ ವಿನ್ಯಾಸದ ಸಾಲಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಇರಲೇಬೇಕು. ಅದು ನೆಟ್‌ವರ್ಕ್ ಬೈಟ್ ಕ್ರಮದ ಗುರುತು. ಅದಿಲ್ಲದಿದ್ದರೆ ಪೈ ತನ್ನ ಸ್ವಂತ ಕ್ರಮದಲ್ಲಿ ಓದಿ 0806 ಅನ್ನು 0608 ಎಂದು ತೋರಿಸುತ್ತದೆ, ಮತ್ತು ಹೋಲಿಸಿ ನೋಡುವ ಸಾಲು ಯಾವ ದೋಷವನ್ನೂ ವರದಿ ಮಾಡದೆ ಎಲ್ಲ ಎಆರ್‌ಪಿಯನ್ನೂ ಬಿಟ್ಟುಬಿಡುತ್ತದೆ.

ಹೊರಗಿನಿಂದ ಬಂದ ಎಆರ್‌ಪಿ ಫ್ರೇಮಿನ ಉದ್ದ 42ರ ಬದಲು 60 ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ಈಥರ್ನೆಟ್ಟಿನಲ್ಲಿ ಫ್ರೇಮು ಕನಿಷ್ಠ 64 ಬೈಟು ಇರಬೇಕು. ಅದರಲ್ಲಿ ಕೊನೆಯ 4 ಬೈಟಿನ ತಪಾಸಣಾ ಮೊತ್ತವನ್ನು ಕಾರ್ಡು ತಾನೇ ನೋಡಿ ಕಿತ್ತುಹಾಕುತ್ತದೆ, ಉಳಿದ ಕೊರತೆಯನ್ನು 18 ಬೈಟುಗಳ ಭರ್ತಿಯಿಂದ ತುಂಬಲಾಗಿರುತ್ತದೆ. ಪೈ ತಾನೇ ಕಳಿಸಿದ ಫ್ರೇಮು ಮಾತ್ರ 42 ಎಂದೇ ಕಾಣುತ್ತದೆ, ಏಕೆಂದರೆ ಭರ್ತಿ ಸೇರುವುದು ನಮ್ಮ ಸಾಕೆಟ್ ಅದನ್ನು ಕಂಡ ನಂತರ. ಹೀಗಾಗಿ ಎಆರ್‌ಪಿ ಭಾಗವನ್ನು "14ರಿಂದ ಕೊನೆಯವರೆಗೆ" ಎಂದು ಕತ್ತರಿಸದೆ "14ರಿಂದ 42ರವರೆಗೆ" ಎಂದೇ ಕತ್ತರಿಸಬೇಕು.

ಕಾರ್ಯಕ್ರಮವನ್ನು ಸುಮ್ಮನೆ ಕೇಳಲು ಬಿಟ್ಟಾಗ ಡೆಸ್ಕ್‌ಟಾಪ್, ರೌಟರ್ ಮತ್ತು ಕಚೇರಿಯವರ ಫೋನುಗಳು ಖಾತೆಗೆ ಬಂದವು. ಎಂಟು ಬೋರ್ಡುಗಳಲ್ಲಿ ಒಂದೂ ಬರಲಿಲ್ಲ. ಸಾಕೆಟ್ಟಿಗೆ ಪ್ರಾಮಿಸ್ಕ್ಯುಅಸ್ ಮೋಡ್ ಕೊಟ್ಟರೂ ಫಲ ಬದಲಾಗದು, ಏಕೆಂದರೆ ಆ ಮೋಡ್ ಕಾರ್ಡಿನವರೆಗೆ ಬಂದ ಫ್ರೇಮನ್ನು ತಳ್ಳಿಹಾಕಬೇಡ ಎನ್ನಬಲ್ಲದೇ ಹೊರತು, ಸ್ವಿಚ್ಚು ಈ ಕಡೆ ಕಳಿಸದೇ ಇದ್ದ ಫ್ರೇಮನ್ನು ತರಿಸಲಾರದು. ಸ್ವಿಚ್ಚು ಪ್ರತಿ ಫ್ರೇಮಿನ ಕಳಿಸಿದವರ ವಿಳಾಸವನ್ನು ನೋಡಿ, ಆ ವಿಳಾಸ ಇಂಥ ಪೋರ್ಟಿನಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತದೆ, ಮತ್ತು ಮುಂದೆ ಆ ವಿಳಾಸಕ್ಕೆ ಬಂದದ್ದನ್ನು ಆ ಒಂದು ಪೋರ್ಟಿಗಷ್ಟೇ ಬಿಡುತ್ತದೆ. ಬ್ರಾಡ್‌ಕಾಸ್ಟ್ ಮಾತ್ರ ಡಂಗುರ ಸಾರಿದಂತೆ ಎಲ್ಲ ಪೋರ್ಟಿಗೂ ಹೋಗುತ್ತದೆ. ಎಆರ್‌ಪಿಯ ಪ್ರಶ್ನೆ ಬ್ರಾಡ್‌ಕಾಸ್ಟ್, ಉತ್ತರ ಕೇಳಿದವರಿಗೆ ಮಾತ್ರ. ನಮ್ಮ ಬೋರ್ಡುಗಳು ಕೇಳಿದ್ದಕ್ಕೆ ಉತ್ತರಿಸುತ್ತವೆಯೇ ಹೊರತು ತಾವಾಗಿ ಯಾರನ್ನೂ ಕೇಳುವುದಿಲ್ಲ. ಆದ್ದರಿಂದ ಅವುಗಳ ಮಾತೆಲ್ಲ ಡೆಸ್ಕ್‌ಟಾಪಿನ ಪೋರ್ಟಿಗೆ ಹೋಗುತ್ತಿತ್ತು. ಬೇರೆ ಪೋರ್ಟುಗಳ ಫ್ರೇಮುಗಳ ನಕಲು ಕೊಡುವ ಮಿರರ್ ಪೋರ್ಟ್ ಇರುವ ಸ್ವಿಚ್ಚಾಗಿದ್ದರೆ ಬೇರೆ ಮಾತು. ಅಲ್ಲಿದ್ದದ್ದು ಯಾವ ಹೊಂದಾಣಿಕೆಯನ್ನೂ ಮಾಡಲು ಬಾರದ ಸಾದಾ ಸ್ವಿಚ್ಚು.

ಹಾಗಾದರೆ ಪೈಯೇ ಕೇಳಬೇಕು. ಬೈಂಡ್ ಆದ ಸಾಕೆಟ್ಟಿನ ಗೆಟ್‌ಸಾಕ್‌ನೇಮ್ ಕರೆಯ ಉತ್ತರದಲ್ಲಿ ಐದನೆಯ ಅಂಶವಾಗಿ ಪೈಯ ಸ್ವಂತ ಹಾರ್ಡ್‌ವೇರ್ ವಿಳಾಸ ಸಿಗುತ್ತದೆ. ಅದನ್ನು ಕಳಿಸುವವರ ಜಾಗದಲ್ಲಿಟ್ಟು, ತಲುಪಬೇಕಾದವರ ಜಾಗದಲ್ಲಿ ಆರು ಎಫ್‌ಎಫ್‌ಗಳನ್ನಿಟ್ಟು, ಗೊತ್ತಿಲ್ಲದ ಎದುರಿನವರ ಹಾರ್ಡ್‌ವೇರ್ ವಿಳಾಸಕ್ಕೆ ಆರು ಸೊನ್ನೆ ಬರೆದು, 42 ಬೈಟುಗಳನ್ನು ಅದೇ ಸಾಕೆಟ್ಟಿನಿಂದ ಕಳಿಸಿದರೆ ಪ್ರಶ್ನೆ ಹೊರಡುತ್ತದೆ. 1 ರಿಂದ 254 ರವರೆಗೆ ಪ್ರತಿ ಐಪಿಯನ್ನೂ ಸಣ್ಣ ಬಿಡುವಿನೊಂದಿಗೆ ಕೇಳಿ, ಬಂದ ಉತ್ತರಗಳನ್ನು ಪೈಥಾನಿನ ಎರಡು ಡಿಕ್ಷನರಿಗಳಲ್ಲಿ (ಜೋಡಿ ಪಟ್ಟಿಗಳಲ್ಲಿ) ತುಂಬಿಸಲಾಯಿತು: ಒಂದರಲ್ಲಿ ಐಪಿಯಿಂದ ಹಾರ್ಡ್‌ವೇರ್ ವಿಳಾಸಗಳ ಗುಂಪಿಗೆ, ಇನ್ನೊಂದರಲ್ಲಿ ಹಾರ್ಡ್‌ವೇರ್ ವಿಳಾಸದಿಂದ ಐಪಿಗಳ ಗುಂಪಿಗೆ. ಫ್ರೇಮಿನ ತಲೆಭಾಗದಲ್ಲಿರುವ ಕಳಿಸಿದವರ ವಿಳಾಸ ಮತ್ತು ಎಆರ್‌ಪಿಯ ಒಳಗೆ ಬರೆದ ಕಳಿಸಿದವರ ವಿಳಾಸ ಬೇರೆಬೇರೆಯಾಗಿದ್ದರೆ ಅದನ್ನೂ ಪ್ರತ್ಯೇಕವಾಗಿ ಗುರುತಿಸುವಂತೆ ಮಾಡಿದೆ. ಇಲ್ಲಿ ಅಂಥದ್ದು ಕಾಣಲಿಲ್ಲ, ಆದರೆ ಬೇರೆಯವರ ಹೆಸರಿನಲ್ಲಿ ಉತ್ತರಿಸುವ ಯಂತ್ರ ಕೆಲವೊಮ್ಮೆ ಈ ಹೋಲಿಕೆಯಿಂದ ಸಿಕ್ಕಿಬೀಳುತ್ತದೆ.

ಮೊದಲ ಡಿಕ್ಷನರಿ ನಿರ್ಮಲವಾಗಿತ್ತು: ಪ್ರತಿ ಐಪಿಗೂ ಒಂದೇ ವಿಳಾಸ. ಎರಡನೆಯದರಲ್ಲಿ 192.168.1.23 ಮತ್ತು 26 ಎರಡೂ ಒಂದೇ ವಿಳಾಸದ ಕೆಳಗೆ ಕೂತಿದ್ದವು. ಆ ವಿಳಾಸ ಡಿಇ-ಎಡಿ-ಬಿಇ-ಇಎಫ್-ಎಫ್‌ಇ-ಇಡಿ. ಆರ್ಡುವಿನೋ ಈಥರ್ನೆಟ್ ಬಳಸಿದವರಿಗೆ ಇದು ಹಳೆಯ ಪರಿಚಯ. ಅದರ ಲೈಬ್ರರಿಯೊಂದಿಗೆ ಬರುವ ಉದಾಹರಣೆಗಳಲ್ಲಿ ಬರೆದಿರುವ ವಿಳಾಸ ಇದೇ, ಮತ್ತು ಅದನ್ನು ಬದಲಿಸಿಕೊಳ್ಳಬೇಕಾದದ್ದು ಬಳಸುವವರ ಕೆಲಸ. ಡಬ್ಲ್ಯು5500 ಚಿಪ್ಪಿಗೆ ಕಾರ್ಖಾನೆಯಲ್ಲಿ ಹಾರ್ಡ್‌ವೇರ್ ವಿಳಾಸ ಕೊಟ್ಟಿರುವುದಿಲ್ಲ. ಹೆಕ್ಸ್ 0009ರಿಂದ ಆರಂಭವಾಗುವ ಆರು ರಿಜಿಸ್ಟರುಗಳಲ್ಲಿ ಸಾಫ್ಟ್‌ವೇರ್ ಏನು ಬರೆಯುತ್ತದೆಯೋ ಅದೇ ಅದರ ವಿಳಾಸ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಮೂರನೆಯ ಮತ್ತು ಆರನೆಯ ಕೋಣೆಯ ಬೋರ್ಡುಗಳು ಸಿಡಿಲಿಗೆ ಸುಟ್ಟ ಮೇಲೆ ಬೇರೊಬ್ಬರು ಹೊಸದನ್ನು ಮಾಡಿಕೊಟ್ಟಿದ್ದರು. ಅವರು ಐಪಿಯನ್ನು ಬದಲಿಸಿದ್ದರು, ವಿಳಾಸದ ಸಾಲನ್ನು ಹಾಗೆಯೇ ಬಿಟ್ಟಿದ್ದರು. ಮೊದಲಿನ ಆರು ಬೋರ್ಡುಗಳಲ್ಲಿ ಕೊನೆಯ ಬೈಟಿಗೆ ಕೋಣೆಯ ಸಂಖ್ಯೆ ಇತ್ತು. ಅವನ್ನು ಮಾಡಿದವರಿಗೆ ನಿಯಮ ಗೊತ್ತಿತ್ತು.

ಒಂದು ಹಾರ್ಡ್‌ವೇರ್ ವಿಳಾಸ ಎರಡು ಐಪಿಗಳನ್ನು ತನ್ನದೆನ್ನುವುದು ತಾನಾಗಿ ದೋಷವಲ್ಲ, ಒಂದೇ ಯಂತ್ರಕ್ಕೆ ಎರಡು ಐಪಿ ಕೊಡುವುದು ಮಾಮೂಲು ಸಂಗತಿ. ಅದಕ್ಕೆ ಪರೀಕ್ಷೆ ಸರಳ: ಮೂರನೆಯ ಕೋಣೆಯ ಕೇಬಲ್ ಕಿತ್ತು ಮತ್ತೆ ಕೇಳಬೇಕು. ಎರಡೂ ಐಪಿಗಳು ಮಾಯವಾದರೆ ಯಂತ್ರ ಒಂದೇ. ಒಂದು ಮಾತ್ರ ಮಾಯವಾಗಿ ಇನ್ನೊಂದು ಅದೇ ವಿಳಾಸದಿಂದ ಉತ್ತರಿಸಿದರೆ ಯಂತ್ರ ಎರಡು. 23 ಸುಮ್ಮನಾಯಿತು, 26 ಉತ್ತರಿಸಿತು.

ಇದರಿಂದ ಗೆರೆಗಳು ಮೂಡುವ ಬಗೆ ಸ್ವಾರಸ್ಯಕರವಾಗಿದೆ. ಸ್ವಿಚ್ಚಿನ ಪಟ್ಟಿಯಲ್ಲಿ ಒಂದು ವಿಳಾಸಕ್ಕೆ ಒಂದೇ ಪೋರ್ಟು, ಮತ್ತು ಕೊನೆಯಲ್ಲಿ ಮಾತಾಡಿದವರ ಪೋರ್ಟೇ ಅಲ್ಲಿರುತ್ತದೆ. ಕೊನೆಯಲ್ಲಿ ಮಾತಾಡಿದ್ದು 26 ಆಗಿದ್ದರೆ, 23ಕ್ಕೆ ಕಳಿಸಿದ ಫ್ರೇಮೂ 26ರ ಪೋರ್ಟಿಗೇ ಹೋಗುತ್ತದೆ. ಆ ಬೋರ್ಡು ಹಾರ್ಡ್‌ವೇರ್ ವಿಳಾಸ ತನ್ನದೆಂದು ಒಳಗೆ ಬಿಟ್ಟುಕೊಂಡು, ಐಪಿ ತನ್ನದಲ್ಲವೆಂದು ಎಸೆಯುತ್ತದೆ. ಡೆಸ್ಕ್‌ಟಾಪ್ ಮೂರು ಸೆಕೆಂಡು ಕಾದು ಗೆರೆ ಎಳೆಯುತ್ತದೆ. ಲಿನಕ್ಸ್ ಕರ್ನಲ್ ಇಷ್ಟಕ್ಕೇ ಬಿಡುವುದಿಲ್ಲ: ಹಳಸಿದ ಎಆರ್‌ಪಿ ನಮೂದನ್ನು ಬಳಸಿದ ಮೇಲೆ ಐದು ಸೆಕೆಂಡು ಕಾದು, ಆಮೇಲೆ ಸೆಕೆಂಡಿಗೊಂದರಂತೆ ಮೂರು ಸಲ ನೇರವಾಗಿ ಅದೇ ವಿಳಾಸಕ್ಕೆ ಪ್ರಶ್ನೆ ಕಳಿಸುತ್ತದೆ. ಆ ಪ್ರಶ್ನೆಗಳೂ 26ರ ಪೋರ್ಟಿಗೇ ಹೋಗಿ ವ್ಯರ್ಥವಾಗಿ, ನಮೂದು ವಿಫಲವೆಂದು ಗುರುತಾಗುತ್ತದೆ. ಮುಂದಿನ ನಿಮಿಷ 23 ಅನ್ನು ಕೇಳಬೇಕಾದಾಗ ಬ್ರಾಡ್‌ಕಾಸ್ಟ್ ಹೊರಡುತ್ತದೆ, ಅದು ನಿಜವಾದ 23ಕ್ಕೆ ಮುಟ್ಟುತ್ತದೆ, ಅದರ ಉತ್ತರದಿಂದ ಸ್ವಿಚ್ಚಿನ ಪಟ್ಟಿ ಮೂರನೆಯ ಕೋಣೆಯ ಕಡೆ ತಿರುಗುತ್ತದೆ. ಕೆಲವೇ ಕ್ಷಣಗಳಲ್ಲಿ 26ರ ಸರದಿ ಬಂದಾಗ ಅದಕ್ಕೆ ಇದೇ ಗತಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಆರಕ್ಕೆ ಗೆರೆ, ಎರಡೂ ಸರಿ, ಮೂರಕ್ಕೆ ಗೆರೆ, ಮತ್ತೆ ಆರಕ್ಕೆ ಗೆರೆ ಎಂಬ ಮೂರು ನಿಮಿಷದ ಸುತ್ತು ಬರುತ್ತದೆ. ಡೆಸ್ಕ್‌ಟಾಪಿನ ಹಳೆಯ ದಾಖಲೆಯಲ್ಲಿ ಬಹುಮಟ್ಟಿಗೆ ಇದೇ ಸುತ್ತು ಇತ್ತು. ಪಿಂಗ್ ಕೊಟ್ಟು ಕೂತವರಿಗೆ ಮೊದಲ ಎಂಟು ಸೆಕೆಂಡಿನಷ್ಟು ಉತ್ತರ ಬಾರದೆ, ಆಮೇಲೆ ಬ್ರಾಡ್‌ಕಾಸ್ಟ್ ಹೋಗಿ ಎಲ್ಲ ಸರಿಯಾಗಿ ಕಾಣುತ್ತದೆ. ಮೇಲ್ವಿಚಾರಕರು ಕಂಡದ್ದು ಇದನ್ನೇ.

ಐಪಿ ಎರಡು ಕಡೆ ಒಂದೇ ಆಗಿದ್ದರೆ ದೂರು ಕೊಡುವವರು ಇರುತ್ತಾರೆ. 2008ರ ಆರ್‌ಎಫ್‌ಸಿ 5227ರ ಪ್ರಕಾರ, ತನ್ನ ಐಪಿಯನ್ನು ಬೇರೊಂದು ಹಾರ್ಡ್‌ವೇರ್ ವಿಳಾಸ ಬಳಸುವುದನ್ನು ಕಂಡ ಯಂತ್ರ ಅದನ್ನು ಘರ್ಷಣೆ ಎಂದು ಗುರುತಿಸುತ್ತದೆ. ಹಾರ್ಡ್‌ವೇರ್ ವಿಳಾಸವೇ ಒಂದಾದರೆ ಎಆರ್‌ಪಿಯಲ್ಲಿ ದೂರಿಗೆ ಎಡೆಯೇ ಇಲ್ಲ. ಬದಲಾವಣೆಗಳನ್ನು ಕಾಯುವ ಆರ್ಪ್‌ವಾಚ್ ಕೂಡ ಐಪಿಯ ಹಿಂದಿನ ವಿಳಾಸ ಬದಲಾದಾಗ ಎಚ್ಚರಿಸುತ್ತದೆ. ಇಲ್ಲಿ ಯಾವ ಐಪಿಯ ವಿಳಾಸವೂ ಬದಲಾಗುತ್ತಿರಲಿಲ್ಲ. ಎರಡನೆಯ ಡಿಕ್ಷನರಿಯನ್ನು ಇಟ್ಟುಕೊಳ್ಳಬೇಕೆಂದು ನಾನು ಹಟ ಹಿಡಿದದ್ದು ಈ ಕಾರಣಕ್ಕೆ.

ಫೋನುಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಹಾರ್ಡ್‌ವೇರ್ ವಿಳಾಸದ ಮೊದಲ ಬೈಟಿನ ಅತಿ ಕೆಳಗಿನ ಬಿಟ್ 1 ಆಗಿದ್ದರೆ ಅದು ಗುಂಪಿನ ವಿಳಾಸ. ಅದರ ಮೇಲಿನ ಬಿಟ್ 1 ಆಗಿದ್ದರೆ ಐಇಇಇ ಸಂಸ್ಥೆ ಹಂಚಿದ್ದಲ್ಲದ, ಸ್ಥಳೀಯವಾಗಿ ಕೊಟ್ಟುಕೊಂಡ ವಿಳಾಸ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರ ನಂತರದ ಫೋನುಗಳು ವೈಫೈಗೆ ಇಂಥ ಯಾದೃಚ್ಛಿಕ ವಿಳಾಸವನ್ನೇ ಬಳಸುತ್ತವೆ, ಆದ್ದರಿಂದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿರುವ ವಿಳಾಸಗಳು ಖಾತೆಯಲ್ಲಿ ಹೆಚ್ಚುತ್ತಲೇ ಹೋಗುತ್ತವೆ. ಅವನ್ನೆಲ್ಲ ಸೋಸಿ ಬಿಡುವ ಒಂದು ಸಾಲು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಡಿಇ ಎಂಬ ಬೈಟಿನ ಎರಡನೆಯ ಅಕ್ಷರವೂ ಇ. ಆ ಸೋಸುವ ಸಾಲು ಇದ್ದಿದ್ದರೆ ಫೋನುಗಳ ಜೊತೆಗೆ ಎಂಟು ಬೋರ್ಡುಗಳೂ ಖಾತೆಯಿಂದ ಹೊರಬೀಳುತ್ತಿದ್ದವು. ಆದ್ದರಿಂದ ಈ ಬಗೆಯ ವಿಳಾಸಗಳ ಮುಂದೆ "ಸ್ಥಳೀಯ" ಎಂಬ ಗುರುತನ್ನು ಮಾತ್ರ ಬರೆದು, ಸಾಲನ್ನು ಉಳಿಸಿಕೊಳ್ಳಲಾಗಿದೆ.

ದುರಸ್ತಿಗೆ ಒಂದು ಬೈಟು ಬದಲಿಸಿದರೆ ಸಾಕಾಗಿತ್ತು, ಆದರೆ ಮುಂದಿನ ಸಿಡಿಲಿನ ನಂತರ ಬೋರ್ಡು ಮಾಡುವವರು ಮತ್ತೆ ಬೇರೆಯವರೇ ಆಗಿರಬಹುದು. ವಿಳಾಸವನ್ನು ಕೈಯಿಂದ ಬರೆಯುವ ಅಗತ್ಯವೇ ಇಲ್ಲದಂತೆ ಮಾಡುವುದು ಉಚಿತವೆನಿಸಿತು. ಆರು ಬೈಟಿನ ಸಿದ್ಧ ವಿಳಾಸವನ್ನು ಹೊತ್ತು ಬರುವ 24ಎಎ02ಇ48 ಎಂಬ ಮೆಮೊರಿ ಚಿಪ್ ಇದಕ್ಕೆಂದೇ ಇದೆ. ಅದನ್ನು ಬೆಸುಗೆ ಹಾಕಲು ಬೋರ್ಡಿನಲ್ಲಿ ಜಾಗವಿರಲಿಲ್ಲ. ಬೋರ್ಡಿಗೆ ಈಗಾಗಲೇ ಜೋಡಿಸಿರುವ ಡಿಎಸ್18ಬಿ20 ಸೆನ್ಸರಿನಲ್ಲಿ 64 ಬಿಟ್‌ಗಳ ಗುರುತು ಸಂಖ್ಯೆ ಇದೆ: ಹೆಕ್ಸ್ 28 ಎಂಬ ಕುಟುಂಬ ಸಂಕೇತ, ಆರು ಬೈಟಿನ ಕ್ರಮಸಂಖ್ಯೆ, ಒಂದು ಬೈಟಿನ ಸಿಆರ್‌ಸಿ (ತಪಾಸಣಾ ಮೊತ್ತ). ವಿಳಾಸದ ಮೊದಲ ಬೈಟಾಗಿ 02 ಇಟ್ಟು, ಕುಟುಂಬ ಸಂಕೇತದ ಮುಂದಿನ ಐದು ಬೈಟುಗಳನ್ನು ಅದರ ಹಿಂದೆ ಜೋಡಿಸಲಾಯಿತು. ಕ್ರಮಸಂಖ್ಯೆಯ ಕೊನೆಯ ಬೈಟುಗಳು ಬಹಳ ಸಲ ಸೊನ್ನೆಯಾಗಿರುವುದರಿಂದ ಆರಂಭದವನ್ನೇ ತೆಗೆದುಕೊಳ್ಳಬೇಕು. ಸೆನ್ಸರಿನ ತಂತಿ ಭೂಮಿಗೆ ತಾಗಿದ್ದರೆ ಎಂಟೂ ಬೈಟು ಸೊನ್ನೆ ಬರಬಹುದು; ಸೊನ್ನೆಗಳ ಸಿಆರ್‌ಸಿಯೂ ಸೊನ್ನೆಯೇ ಆದ್ದರಿಂದ ಆ ತಪಾಸಣೆ ಒಂದನ್ನೇ ನಂಬದೆ, ಮೊದಲ ಬೈಟು 28 ಹೌದೇ ಎಂದೂ ನೋಡಬೇಕು. ಇಲ್ಲವಾದರೆ ತಂತಿ ಕೆಟ್ಟ ಎಲ್ಲ ಬೋರ್ಡುಗಳೂ ಒಂದೇ ವಿಳಾಸಕ್ಕೆ ಬಂದು ನಿಂತು ಮೊದಲಿನ ರೋಗವೇ ಮರುಕಳಿಸುತ್ತದೆ. ಹೀಗೆ ಸಿದ್ಧವಾದ ವಿಳಾಸವನ್ನು ಮೊದಲ ಸಲ ಬೋರ್ಡು ಚಾಲೂ ಆದಾಗ ನ್ಯಾನೋದಲ್ಲಿರುವ, ವಿದ್ಯುತ್ ಹೋದರೂ ಅಳಿಯದ ಈಈಪ್ರಾಮ್ ಮೆಮೊರಿಯಲ್ಲಿ ಬರೆದಿಡಲಾಗುತ್ತದೆ. ಮುಂದೆ ಸೆನ್ಸರ್ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ. ಒಂದು ಷರತ್ತಿದೆ: ಹಳೆಯ ಬೋರ್ಡಿನಿಂದ ಕಳಚಿದ ಸೆನ್ಸರನ್ನು ಹೊಸ ಬೋರ್ಡಿಗೆ ಮೊದಲ ಸಲ ಜೋಡಿಸಬಾರದು.

ಮೂರನೆಯ ಕೋಣೆಯ ಬೋರ್ಡಿಗೆ ಈ ಹೊಸ ಕೋಡ್ ಹಾಕಿದೊಡನೆ ಪೈಯ ಖಾತೆಯಲ್ಲಿ 23ರ ಮುಂದೆ 02ರಿಂದ ಆರಂಭವಾಗುವ ವಿಳಾಸ ಬಂತು, ಎರಡೂ ಕೋಣೆಗಳ ಗೆರೆಗಳು ನಿಂತವು. ಆರನೆಯ ಕೋಣೆಯ ಬೋರ್ಡಿನ ಮುಂದೆ ಪೆಟ್ಟಿಗೆಗಳನ್ನು ಮಾಳಿಗೆಯವರೆಗೆ ಒಟ್ಟಿರುವುದರಿಂದ ಅಲ್ಲಿಗೆ ಏಣಿ ಹಾಕಲು ಸದ್ಯ ಸಾಧ್ಯವಿಲ್ಲ. ಅದು ಉದಾಹರಣೆಯ ಹಳೆಯ ವಿಳಾಸದಲ್ಲೇ ನಡೆಯುತ್ತಿದೆ, ಮತ್ತು ಆ ವಿಳಾಸ ಒಂದೇ ಬೋರ್ಡಿನಲ್ಲಿ ಇರುವವರೆಗೆ ತೊಂದರೆಯಿಲ್ಲ. ಮಾಲು ಖಾಲಿಯಾದ ಮೇಲೆ ಅದನ್ನೂ ಬದಲಿಸಬೇಕು. ಅಲ್ಲಿಯವರೆಗೆ ಪೈ ಹತ್ತು ನಿಮಿಷಕ್ಕೊಮ್ಮೆ ಎಲ್ಲ ಐಪಿಗಳನ್ನೂ ಕೇಳಿ, ಒಂದು ಹಾರ್ಡ್‌ವೇರ್ ವಿಳಾಸದ ಕೆಳಗೆ ಎರಡು ಐಪಿ ಕಂಡರೆ ಆ ಸಾಲನ್ನು ಕಚೇರಿಯ ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ತೋರಿಸುತ್ತದೆ.